ಗಾಲ್ಫ್ ಮೈದಾನದಲ್ಲಿ ಒಂಬತ್ತು ಕಣ

ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಕಬ್ಬಿಣದ ಅದಿರು ಇಳಿಸಲು ಶುರುಮಾಡಿದ ಹೊಸದರಲ್ಲಿ ನಡೆದದ್ದು ಇದು. ಮಹಾರಾಜರ ಕಾಲ. ನನಗೆ ಇಪ್ಪತ್ಮೂರು ವರ್ಷ. ಓವರ್‌ಸೀಯರ್ ಕೆಲಸ ಸಿಕ್ಕಿ ಎಂಟು ತಿಂಗಳು, ಮದುವೆಯಾಗಿ ಆರು ತಿಂಗಳು. ಕೆಲಸ ಸಿಕ್ಕಿದ್ದರಿಂದಲೇ ಹೆಣ್ಣು ಸಿಕ್ಕಿದ್ದು ಅಂತ ನಾನು ನಂಬಿದ್ದೆ. ದೇವನೂರಿನ ನನ್ನ ಮಾವ ಹೊಲ, ತೆಂಗಿನ ತೋಟ ಇದ್ದ ಗಟ್ಟಿ ಕುಳ. "ನಮ್ ಅಳಿಯಂದ್ರು ಸರ್ಕಾರಿ ಓವರ್‌ಸೀಯರು ಕಣ್ರೀ" ಎಂದು ಕಡೂರು ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ಕೆಲಸ ಬರೀ ಹಂಗಾಮಿ, ಯಾವತ್ತು ಬೇಕಾದರೂ ಹೋಗಬಹುದು ಎಂಬುದನ್ನು ಮಾತ್ರ ನಾನು ಬಾಯಿ ಬಿಟ್ಟಿರಲಿಲ್ಲ. ಮಾವ ಹಾಗಿರಲಿ, ಹೆಂಡತಿ ಗೌರಿಗೂ ಹೇಳಿರಲಿಲ್ಲ.

ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಿ ಒಂದು ದಿಬ್ಬದ ಮೇಲೆ ಗಣಿಯ ಅಧಿಕಾರಿಗಳಿಗೆಂದು ಹೊಸ ಬಡಾವಣೆ ಕಟ್ಟುತ್ತಿದ್ದರು. ಹನ್ನೆರಡು ಬಂಗಲೆ, ಎಲ್ಲಕ್ಕೂ ಮಂಗಳೂರು ಹೆಂಚು, ಮುಂದೆ ಜಗಲಿ. ಸುತ್ತಲೂ ಮನೆಗಳು, ಮಧ್ಯೆ ದೊಡ್ಡ ಬಯಲು. ಆ ಬಯಲಿನಲ್ಲಿ ಗಾಲ್ಫ್ ಮೈದಾನ ಮಾಡಬೇಕೆಂದು ಗಣಿಯ ಮ್ಯಾನೇಜರಾಗಿದ್ದ ಬಿಳಿಯ ದೊರೆ ನಕ್ಷೆ ಬರೆದು ನನ್ನ ಕೈಗಿಟ್ಟರು. ಆ ಆಟದ ಹೆಸರನ್ನೇ ನಾನು ಕೇಳಿರಲಿಲ್ಲ. ಪುಟ್ಟ ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ಹೋಗಿ ಗುಂಡಿಗೆ ಬೀಳಿಸುವುದು, ತೆಗೆದು ಮುಂದಿನ ಗುಂಡಿಗೆ ಹೊಡೆಯುವುದು, ಹೀಗೆ ಒಂಬತ್ತು ಗುಂಡಿ ಎಂದು ದೊರೆ ವಿವರಿಸಿದರು. "ಆಮೇಲೆ ಸಾರ್?" ಎಂದೆ. "ಆಮೇಲೆ ಮನೆಗೆ ಹೋಗಿ ಟೀ ಕುಡಿಯುವುದು" ಎಂದರು. ಇಷ್ಟಕ್ಕೆ ಇಷ್ಟು ದೊಡ್ಡ ಬಯಲೇ ಎಂದು ನನಗೆ ನಗು ಬಂತು.

ನಗು ಬಹಳ ದಿನ ಉಳಿಯಲಿಲ್ಲ. ಒಂದೊಂದು ಗುಂಡಿಯ ಸುತ್ತ ಚೆಂಡು ನುಣ್ಣಗೆ ಉರುಳುವಂಥ ಹುಲ್ಲಿನ ಹಾಸು ಬೇಕಂತೆ. ಬೆಂಗಳೂರಿನಿಂದ ಗೋಣಿಚೀಲಗಳಲ್ಲಿ ಹುಲ್ಲಿನ ಬೇರು ತರಿಸಿ ನೆಟ್ಟೆವು. ಮಳೆ ಕೈಕೊಟ್ಟಿತು. ಗಾಡಿಯಲ್ಲಿ ಪೀಪಾಯಿ ಇಟ್ಟು ನೀರು ಹೊತ್ತು ಹಾಕಿದರೂ ಅರ್ಧ ಹುಲ್ಲು ಒಣಗಿತು. ಉಳಿದ ಅರ್ಧವನ್ನು ಯಗಟಿ ಕಡೆಯಿಂದ ಬಂದ ಕುರಿಮಂದೆ ಒಂದೇ ಬೆಳಿಗ್ಗೆ ಮೇಯ್ದು ಮುಗಿಸಿತು. ನಾನು ಕೋಲು ಹಿಡಿದು ಕೂಗಾಡುತ್ತಾ ಓಡಿದೆ. "ಹುಲ್ಲಲ್ವಾ ಸ್ವಾಮಿ, ಅದಕ್ಯಾಕೆ ಹಂಗ್ ಬಡ್ಕಂತೀರಾ?" ಎಂದು ಕುರುಬ ನನ್ನನ್ನೇ ಬೈದುಕೊಂಡು ಹೋದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ದೊರೆ ಬಂದು ಬೋಳಾದ ನೆಲ ನೋಡಿದರು. ಬೆಂಗಳೂರಿನ ದೊಡ್ಡ ಸಾಹೇಬರು ಮೈದಾನದ ಪ್ರಾರಂಭಕ್ಕೆ ಬರಲು ಇನ್ನು ಹದಿನೈದು ದಿನವಿತ್ತು. "ಓವರ್‌ಸೀಯರ್, ಮೈದಾನ ಆದರೆ ನಿನ್ನ ಕೆಲಸ ಖಾಯಂ ಮಾಡಲು ನಾನೇ ಬರೆಯುತ್ತೇನೆ. ಆಗದಿದ್ದರೆ ನೀನು ಬೇರೆ ಕಡೆ ನೋಡಿಕೋ" ಎಂದರು. ಮಾವನ ಎದುರು, ಗೌರಿಯ ಎದುರು ಹೇಗೆ ತಲೆ ಎತ್ತಲಿ? ಆ ಮಧ್ಯಾಹ್ನ ಬುತ್ತಿ ಬಿಚ್ಚದೆ ಬೇವಿನ ಮರದ ಕೆಳಗೆ ಕೂತುಬಿಟ್ಟೆ.

ಮಣ್ಣು ಹೊರುವ ಹೆಂಗಸರಿಗೆ ಮುಂದಾಳಾಗಿದ್ದವಳು ಸಿದ್ದವ್ವ. ಐವತ್ತರ ಮೇಲಿನ ವಯಸ್ಸು, ದೊಡ್ಡ ಗಂಟಲು. ನನ್ನ ಮುಖ ನೋಡಿ ಹತ್ತಿರ ಬಂದಳು.

"ಏನ್ ಬುದ್ಧಿ, ಉಣ್ಣಾಕಿಲ್ವಾ?"

ವಿಷಯ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಯ್ಯೋ ನಿಮ್ಮ! ಚೆಂಡು ಉರುಳಾಕೆ ಹುಲ್ಲು ಯಾಕ್ ಬೇಕು? ರಾಗಿ ಕಾಳು ಹಾಕಿದ್ರೆ ಉರುಳಿ ಹೋಗಂಗೆ ಕಣ ಮಾಡ್ಕೊಡ್ತೀವಿ. ಒಂಬತ್ತು ತಾನೇ?"

ನಾನು ಎದ್ದು ನಿಂತುಬಿಟ್ಟೆ. ರೈತರ ಮನೆಯಲ್ಲಿ ಹುಟ್ಟಿ ಬೆಳೆದವನು, ಪ್ರತಿವರ್ಷ ಒಕ್ಕಣೆ ಕಣದಲ್ಲಿ ಹೊರಳಾಡಿದವನು, ನನಗೇ ಇದು ಹೊಳೆಯಲಿಲ್ಲವಲ್ಲ!

"ಆದ್ರೆ ಕಣ ಅಂದ್ಮೇಲೆ ಕಣದ ನೇಮ ಎಲ್ಲಾ ನಡೀಬೇಕು. ಆಮೇಲೆ ಆಗಾಕಿಲ್ಲ ಅನ್ಬಾರ್ದು" ಎಂದಳು ಸಿದ್ದವ್ವ.

"ಆಗ್ಲಿ ಮಾರಾಯ್ತಿ, ನಿನ್ನ ನೇಮ ಎಲ್ಲಾ ಆಗ್ಲಿ. ಮೊದ್ಲು ಕಣ ಮಾಡು" ಎಂದೆ. ಒಂದು ತೆಂಗಿನಕಾಯಿ ಒಡೆಯುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

ಆ ಹೆಂಗಸರ ಕೆಲಸ ನೋಡಬೇಕಿತ್ತು. ನೆಲ ಕೆತ್ತಿ ಮಟ್ಟ ಮಾಡಿದರು, ಹುತ್ತದ ಮಣ್ಣು ಹೊತ್ತು ತಂದು ಹರಡಿ ನೀರು ಕುಡಿಸಿದರು. ಹದ ಬಂದ ಮೇಲೆ ಎತ್ತು ಕಟ್ಟಿ ಒಕ್ಕಣೆಯ ಗುಂಡುಕಲ್ಲು ಎಳೆಸಿದರು. ಸಾಲಾಗಿ ಕೂತು ಹಾಡು ಹೇಳುತ್ತಾ ಸಗಣಿಯಿಂದ ಸಾರಿಸಿದರು. ಒಣಗಿದ ಮೇಲೆ ಮತ್ತೊಮ್ಮೆ ಸಾರಿಸಿದರು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಕಂಡರೆ ಸಿದ್ದವ್ವ ಆ ಹೆಂಗಸಿನ ಏಳು ತಲೆಮಾರು ಜಾಲಾಡಿಬಿಡುತ್ತಿದ್ದಳು. ಹದಿಮೂರನೇ ದಿನಕ್ಕೆ ಒಂಬತ್ತೂ ಕಣ ಮುಗಿದವು. ದೊರೆ ಬಂದು ಅಂಚಿನಲ್ಲಿ ನಿಂತು ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಸದ್ದಿಲ್ಲದೆ ಉರುಳಿಕೊಂಡು ಹೋಗಿ ಗುಂಡಿಗೆ ಬಿತ್ತು. ದೊರೆ ಟೋಪಿ ತೆಗೆದು ಸಿದ್ದವ್ವನ ಕಡೆ ತಲೆ ಬಾಗಿಸಿದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನಂತೂ ಖಾಯಂ ಆದೆ ಎಂದೇ ತಿಳಿದು, ಪ್ರಾರಂಭದ ದಿನ ಬರಬೇಕೆಂದು ಮಾವನಿಗೆ ಕಾಗದ ಬರೆದುಬಿಟ್ಟೆ.

ಹಿಂದಿನ ದಿನ ಸಂಜೆ ಪ್ರತಿಯೊಂದು ಗುಂಡಿಯಲ್ಲೂ ಬಾವುಟದ ಕೋಲು ನೆಡಿಸಿದೆ. ದೂರದಿಂದ ಆಡುವವರಿಗೆ ಗುಂಡಿ ಎಲ್ಲಿದೆ ಎಂದು ಕಾಣಬೇಕಲ್ಲ. ಎಡವಟ್ಟಾದದ್ದು ಅಲ್ಲೇ.

ಮಾರನೇ ದಿನ ಬೆಳಿಗ್ಗೆ ಹೊಸ ಬೂಟು ತೊಟ್ಟು, ರುಮಾಲು ಸುತ್ತಿ, ಮೊದಲನೇ ಕಣದ ಹತ್ತಿರ ಬಂದೆ. ಕೋಲಿಗೆ ಅರಿಶಿನ ಕುಂಕುಮ. ಬಾವುಟದ ಪಕ್ಕದಲ್ಲಿ ತೆಂಗಿನ ಹೊಂಬಾಳೆ ಮತ್ತು ಎರಡು ರಾಗಿ ತೆನೆ. ಸುತ್ತ ರಂಗೋಲಿ. ಕೋಲಿನ ಬುಡದಲ್ಲಿ, ಸರಿಯಾಗಿ ಗುಂಡಿಯ ಬಾಯಿಯ ಮೇಲೆ, ಗರಿಕೆ ಸಿಕ್ಕಿಸಿಕೊಂಡ ಸಗಣಿಯ ಬೆನಕಪ್ಪ ಕೂತಿದ್ದಾನೆ. ಕಣದ ನಡುವೆ ನೆಡುವ ಮೇಟಿ ಕಂಬಕ್ಕೆ ನಮ್ಮ ಕಡೆ ಮಾಡುವ ಪೂಜೆ ಅದು. ಉಳಿದ ಎಂಟೂ ಕಣದಲ್ಲಿ ಹೀಗೆಯೇ ಆಗಿತ್ತು.

"ಏನ್ ಸಿದ್ದವ್ವ ಇದು!" ಎಂದು ಕೂಗಿಕೊಂಡು ಎರಡು ಹೆಜ್ಜೆ ಒಳಗಿಟ್ಟೆ.

"ಮೆಟ್ ಹಾಕ್ಕೊಂಡು ಕಣ ತುಳೀತೀಯಾ? ಕಾಲಾಗಿರಾದು ತೆಗಿ ಮೊದ್ಲು!" ಎಂದಳು ಅವಳು. ಅದುವರೆಗೂ ಬುದ್ಧಿ, ಸ್ವಾಮಿ ಎನ್ನುತ್ತಿದ್ದವಳು ಒಮ್ಮೆಗೇ ಏಕವಚನಕ್ಕೆ ಇಳಿದಿದ್ದಳು.

"ಇದು ಆಟದ ಬಯಲು ಸಿದ್ದವ್ವ, ಕಣ ಅಲ್ಲ. ಇನ್ನೊಂದು ಗಂಟೆಗೆ ಸಾಹೇಬರು ಬರ್ತಾರೆ, ಬೂಟು ಹಾಕ್ಕೊಂಡೇ ಆಡೋದು ಅವರು."

"ಮಾಡ್ದೋರು ನಾವು. ಏನ್ ಮಾಡ್ದೆವು ಅಂತ ನಮಗ್ ಗೊತ್ತಿಲ್ವಾ? ಮೇಟಿ ನೆಡೋ ತನಕ ಬರೀ ನೆಲ. ಮೇಟಿ ನೆಟ್ಟಿದ್ದು ನೀನು. ನೇಮ ನಡೀಲಿ ಅಂದಿದ್ದೂ ನೀನು. ಇವತ್ತು ಬೈಗಾಗೋ ತನಕ ಬೆನಪ್ಪನ್ನ ಕದಲ್ಸಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹೊಂಬಾಳೆ ಕಿತ್ತೆಸೆಯಲು ಕೈ ಚಾಚಿದೆ. ದೇವರಾಣೆ ಹೇಳುತ್ತೇನೆ, ಕೈ ಮುಂದಕ್ಕೆ ಹೋಗಲಿಲ್ಲ. ನಮ್ಮಪ್ಪ ಕಣದಂಚಿನಲ್ಲಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ. ನನ್ನ ಬೂಟಿನ ಮೊಳೆಗಳು ಆ ಹೆಂಗಸರ ಹದಿಮೂರು ದಿನದ ಕೆಲಸದ ಮೇಲೆ ಎರಡು ಗುರುತು ಮಾಡಿದ್ದವು. ನಾಚಿಕೆಯಾಯಿತು. ಹಿಂದೆ ಸರಿದು ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ.

ಅಷ್ಟರಲ್ಲಿ ಮಾವ ಬಂದರು, ಜರಿ ರುಮಾಲು, ಕರಿ ಕೋಟು, ಅಳಿಯನ ವೈಭವ ನೋಡಲೆಂದು. ಅವರ ಹಿಂದೆಯೇ ಮೋಟಾರು ಬಂತು. ದೊರೆ, ಬಿಳಿ ಮೀಸೆಯ ದೊಡ್ಡ ಸಾಹೇಬರು, ಅವರ ಮಡದಿ, ಎಲ್ಲರ ಕಾಲಲ್ಲೂ ಮೊಳೆ ಹೊಡೆದ ಬೂಟು. ಅವರ ಎದುರಿಗೆ ಬರಿಗಾಲಿನ ಓವರ್‌ಸೀಯರು.

ದೊರೆಯ ಮುಖ ಕೆಂಪಾಯಿತು. "ಏನಿದು?"

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಕೂಲಿಯವರು ನನಗೆ ತಿಳಿಯದ ಹಾಗೆ ಮಾಡಿದ್ದಾರೆ, ಈಗಲೇ ತೆಗೆಸುತ್ತೇನೆ ಎಂದಿದ್ದರೆ ಮುಗಿದಿತ್ತು. ಆದರೆ ಇದ್ದದ್ದನ್ನು ಇದ್ದಂತೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ: "ಸಾರ್, ಇವರು ಇದನ್ನು ನಮ್ಮ ಒಕ್ಕಣೆ ಕಣದ ಹಾಗೆ ಮಾಡಿದ್ದಾರೆ. ವರ್ಷದ ಅನ್ನ ಇಳಿಯುವ ಜಾಗ ಅದು. ಅಲ್ಲಿ ಯಾರೂ ಪಾದರಕ್ಷೆ ಹಾಕುವುದಿಲ್ಲ. ನೇಮ ನಡೆಸಿ ಎಂದು ಮಾತು ಕೊಟ್ಟವನು ನಾನು. ತಪ್ಪು ನನ್ನದು, ಇವರದಲ್ಲ."

ಹೋಯಿತು ಕೆಲಸ ಅಂದುಕೊಂಡೆ. ಮಾವನ ಕಡೆ ನೋಡುವ ಧೈರ್ಯವಾಗಲಿಲ್ಲ.

ಮೊದಲು ಅಲುಗಿದ್ದು ಸಾಹೇಬರ ಮಡದಿ. ಆಕೆ ರಂಗೋಲಿಯನ್ನು ಬಗ್ಗಿ ನೋಡಿದರು, ಬೆನಕಪ್ಪನನ್ನು ನೋಡಿದರು, ಗಟ್ಟಿಯಾಗಿ ನಕ್ಕರು. ಪಕ್ಕದ ಗುಂಡುಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದರು. ಹೆಂಡತಿ ಬಿಚ್ಚಿದ ಮೇಲೆ ಗಂಡನಿಗೆ ಬೇರೆ ದಾರಿಯುಂಟೇ? ಗೊಣಗುತ್ತಲೇ ದೊಡ್ಡ ಸಾಹೇಬರೂ, ಅವರನ್ನು ನೋಡಿ ದೊರೆಯೂ ಬಿಚ್ಚಿದರು. ಸಾಹೇಬರ ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು.

"ಅಯ್ಯೋ ಶಿವನೇ, ಅಷ್ಟ್ ದೊಡ್ ಮನ್ಷ, ಹೊಲ್ಕೊಡೋರಿಲ್ವಾ?" ಎಂದಳು ಸಿದ್ದವ್ವ. ಏನು ಹೇಳಿದಳು ಎಂದು ಸಾಹೇಬರ ಮಡದಿ ಕೇಳಿದರು. ಅರ್ಥ ಹೇಳಲು ನನಗೆ ಎದೆಗಾರಿಕೆ ಸಾಲಲಿಲ್ಲ.

ಗುಂಡಿಯ ಮೇಲೆ ದೇವರು ಕೂತಿದ್ದಾನಲ್ಲ, ಚೆಂಡು ಬೀಳುವುದು ಹೇಗೆ ಎಂದು ದೊರೆ ಕೇಳಿದರು. ಸಿದ್ದವ್ವನನ್ನೇ ವಿಚಾರಿಸಿದೆ. "ಬೆನಪ್ಪನಿಗೆ ಒಂದು ಗೇಣು ಹತ್ರ ಬಂದ್ರೆ ಬಂದಂಗೆ ಲೆಕ್ಕ" ಎಂದು ಅವಳು ತೀರ್ಪು ಕೊಟ್ಟಳು. ಗೇಣು ಯಾರದ್ದು? ಅವಳದ್ದೇ. ಹೀಗೆ ಆ ದಿನದ ಆಟಕ್ಕೆಲ್ಲ ಸಿದ್ದವ್ವನೇ ತೀರ್ಪುಗಾರಳಾದಳು. ಕಣದಿಂದ ಕಣಕ್ಕೆ ಸೀರೆ ಎತ್ತಿಕಟ್ಟಿಕೊಂಡು ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಬೆರಳು ಅಗಲಿಸಿ ಅಳೆಯುವಳು. ಸಾಹೇಬರ ಮಡದಿಯ ಚೆಂಡಿಗೆ ಗೇಣು ಉದ್ದವಾಗುತ್ತಿತ್ತು, ದೊರೆಯ ಚೆಂಡಿಗೆ ಗಿಡ್ಡವಾಗುತ್ತಿತ್ತು. "ಆಗಿಲ್ಲ, ಇನ್ನೊಂದ್ ಸಲ ಹೊಡೀಲಿ ಅನ್ನಿ" ಎಂದು ಕೈ ಆಡಿಸಿಬಿಡುವಳು. ದೊರೆ ಜಗಳಕ್ಕೆ ನಿಂತು ತಾವೂ ಗೇಣು ಹಾಕಿ ತೋರಿಸಿದರು. ಅವಳು ಜಪ್ಪಯ್ಯ ಅನ್ನಲಿಲ್ಲ. ಬಂಗಲೆ ಕೆಲಸದ ಗಾರೆಯವರು, ಬಡಗಿಗಳು ಎಲ್ಲ ಕೆಲಸ ಬಿಟ್ಟು ಬಂದು ನಿಂತು ನಗುತ್ತಿದ್ದರು. ಕೊನೆಗೆ ಗೆದ್ದದ್ದು ಸಾಹೇಬರ ಮಡದಿಯೇ. ಎಲ್ಲರ ಕಾಲ್ಚೀಲದ ಅಡಿಯೂ ಸಗಣಿಯಿಂದ ಹಸಿರಾಗಿತ್ತು. ಟೀ ಕುಡಿಯಲು ಹೊರಡುವಾಗ ದೊರೆ ನನಗೆ ಒಳ್ಳೆಯದೂ ಹೇಳಲಿಲ್ಲ, ಕೆಟ್ಟದ್ದೂ ಹೇಳಲಿಲ್ಲ.

ಜನ ಚದುರಿದ ಮೇಲೆ ಮಾವ ಹತ್ತಿರ ಬಂದರು. ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ.

"ಮಾವ, ಒಂದು ಮಾತು. ಈ ಕೆಲಸ ಹಂಗಾಮಿ. ಮದುವೆಗೆ ಮೊದಲೂ ಹಂಗಾಮಿಯೇ. ನಾನು ಹೇಳಲಿಲ್ಲ. ಇವತ್ತಿನದು ನೋಡಿದರೆ ಅದೂ ಉಳಿಯೋ ಹಾಗೆ ಕಾಣೋದಿಲ್ಲ."

ಮಾವ ಕೋಟಿನ ಗುಂಡಿ ಬಿಚ್ಚಿ ಉಸಿರು ಬಿಟ್ಟರು. "ಗೊತ್ತು ಬಿಡಿ ಅಳಿಯಂದ್ರೆ."

"ಗೊತ್ತಾ?"

"ಹೆಣ್ಣು ಕೊಡೋನು ವಿಚಾರಿಸ್ದೆ ಕೊಡ್ತಾನಾ? ನಾನೇ ತರೀಕೆರೆಗೆ ಬಂದು ನಿಮ್ ಆಫೀಸಿನ ಗುಮಾಸ್ತರನ್ನ ಕೇಳ್ಕೊಂಡ್ ಹೋಗಿದ್ದೆ. ಹುಡುಗ ಹೆಂಗೆ ಅಂತ ಕೇಳಿದ್ದೆ, ಒಳ್ಳೇವ್ನು ಅಂದ್ರು. ಸಾಕು ಅಂದ್ಕೊಂಡೆ. ಗೌರಿಗೂ ಗೊತ್ತು."

"ಮತ್ತೆ ಸಂತೆಯಲ್ಲೆಲ್ಲ ಸರ್ಕಾರಿ ಓವರ್‌ಸೀಯರು ಅಂತ ಹೇಳಿಕೊಂಡು ಬರ್ತಿದ್ರಲ್ಲ ಮಾವ?"

"ನೀವ್ ಹಂಗಂತ ಹೇಳ್ಕೊಂಡಿದ್ರಲ್ಲ. ಮನೆ ಅಳಿಯನ ಮಾನ ನಾವಲ್ದೆ ಇನ್ಯಾರು ಕಾಯ್ತಾರೆ?"

ಆಮೇಲೆ ಅವರು ಬಗ್ಗಿ ಮೊದಲನೇ ಕಣದ ನೆಲದ ಮೇಲೆ ಅಂಗೈ ಸವರಿ ನೋಡಿದರು. "ಎಂಥ ಕಣ ಮಾಡಿಸೀರಿ! ಕೆಲ್ಸ ಹೋದ್ರೆ ಹೋಯ್ತು, ದೇವನೂರಿಗೆ ಬನ್ನಿ. ನಮ್ದೂ ಒಂದು ಮಾಡ್ಸಿಕೊಡಿ" ಎಂದು ನಗತೊಡಗಿದರು. ನಾನೂ ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಅಷ್ಟು ಜನ ಕೂಲಿಯವರ ಎದುರಿಗೆ.

ಮನೆಗೆ ಬಂದು ಗೌರಿಗೂ ಹೇಳಿದೆ. "ಇದನ್ನ ಹೇಳೋಕೆ ಆರು ತಿಂಗಳು ಬೇಕಾಯ್ತಾ? ಕಾಲು ತೊಳ್ಕೊಂಡು ಊಟಕ್ಕೆ ಬನ್ನಿ" ಎಂದಳು.

ಕೆಲಸ ಖಾಯಂ ಆದ ಕಾಗದ ಮುಂದಿನ ತಿಂಗಳು ಬಂತು. ದೊರೆ ಕೊಟ್ಟ ಮಾತಿನಂತೆ ತಾವೇ ಬರೆದಿದ್ದರು. ಆಮೇಲೆ ಎಷ್ಟೋ ರಸ್ತೆ, ಎಷ್ಟೋ ಸೇತುವೆ ಮಾಡಿಸಿದೆ, ಬಡ್ತಿಯನ್ನೂ ಕಂಡೆ. ಆ ಖಾಯಂ ಕಾಗದ ಓದಿದಾಗ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಾನು ಹೆದರಿಕೊಂಡು ಬಚ್ಚಿಟ್ಟದ್ದು ತಮಗೆ ಗೊತ್ತಿದೆ ಎಂಬುದನ್ನು, ನನಗೆ ನಾಚಿಕೆಯಾಗಬಾರದೆಂದು ಇಡೀ ಒಂದು ಮನೆಯವರು ಆರು ತಿಂಗಳು ನನ್ನಿಂದಲೇ ಬಚ್ಚಿಟ್ಟಿದ್ದರು. ಮಾವ ಈಗಿಲ್ಲ. ಎಲ್ಲಾದರೂ ಒಕ್ಕಣೆ ಕಣ ಕಂಡರೆ ಇವತ್ತಿಗೂ ಅವರಂತೆಯೇ ಬಗ್ಗಿ ನೆಲದ ಮೇಲೆ ಅಂಗೈ ಸವರಿ ನೋಡುತ್ತೇನೆ.