ದೊಡ್ಡಬೆಟ್ಟದ ಮೇಲೊಂದು ತುಂಡು ನೆರಳು

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬರಿಗಾಲಲ್ಲೇ ಹತ್ತಬೇಕು. ನಾನು ಮಾತ್ರ ದಪ್ಪನೆಯ ಕಾಲುಚೀಲ ಹಾಕಿಕೊಂಡಿದ್ದೆ. ಮೇಲಿನಿಂದ ಸುತ್ತಲ ಸೀಮೆಯನ್ನೆಲ್ಲ ಸಾಲು ಫೋಟೊಗಳಲ್ಲಿ ಹಿಡಿದು, ಒಂದರ ಪಕ್ಕ ಒಂದು ಅಂಟಿಸಿ ಹಾಸನದ ಗೆಳೆಯರಿಗೆ ತೋರಿಸುವ ಹುಮ್ಮಸ್ಸು ನನ್ನದು.

ಕ್ಯಾಮೆರಾ ಎತ್ತಿದರೆ, ಹತ್ತುವಾಗ ಜೊತೆಯಾಗಿದ್ದ ಹಿರೀಸಾವೆಯ ಅಜ್ಜ ಅಜ್ಜಿ ಎದುರಿಗೇ ಬಂಡೆಯ ನೆರಳಲ್ಲಿ ಕೂತಿದ್ದರು.

"ಸ್ವಲ್ಪ ಆಚೆ ಹೋಗ್ತೀರಾ?" ಎಂದೆ.

"ಅದ್ಕೇನ್ ಸಾ," ಎಂದು ಅಜ್ಜ ಹೆಂಡತಿಯ ಕೈಹಿಡಿದು ಎಬ್ಬಿಸಿದರು.

ನಾನು ಸುತ್ತ ತಿರುಗುತ್ತ ಕೆರೆ, ತೆಂಗಿನ ತೋಟ, ದೂರದ ಗುಡ್ಡಗಳನ್ನೆಲ್ಲ ತೆಗೆದೆ. ನಾನು ತಿರುಗಿದಂತೆಲ್ಲ ಅವರೂ ನನ್ನ ಬೆನ್ನ ಹಿಂದಕ್ಕೆ ಸರಿಯುತ್ತಿದ್ದುದು ಗೊತ್ತಾಗುತ್ತಿತ್ತು. ರೀಲು ಮುಗಿದ ಮೇಲೆ ಹೋಗಿ ಅದೇ ನೆರಳಲ್ಲಿ ಕೂತು ನೀರು ಕುಡಿದೆ. ಆಮೇಲೆ ಕಣ್ಣಿಗೆ ಬಿದ್ದರು. ಕಾದ ಬಂಡೆಯ ಮೇಲೆ ಒಂದು ಕಾಲೆತ್ತಿ ಇನ್ನೊಂದು ಊರುತ್ತ, ನಾನು ಕರೆಯುವುದನ್ನೇ ಕಾಯುತ್ತ ನಿಂತಿದ್ದರು.

ಕರೆದೆ. ಕಾಲುಚೀಲದ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡೆ.

ಅಜ್ಜಿ ಅಂಗಾಲು ಉಜ್ಜಿಕೊಳ್ಳುತ್ತ ಕೇಳಿದರು: "ನಾವೆಲ್ಲೂ ಅಡ್ಡ ಬರ್ಲಿಲ್ವಲ್ಲ ಸಾ?"