ಉಳಿದಿದ್ದ ಕನ್ನಡ ಪೇಪರ್

ಕಾಗವಾಡದ ಬಸ್ ನಿಲ್ದಾಣದ ಎದುರಿಗೆ ತಾತ್ಯಾಸಾಹೇಬರ ಆನ್‌ಲೈನ್ ಸೇವಾ ಕೇಂದ್ರವಿದೆ. ಪಹಣಿ ತೆಗೆಸುವವರು, ಆಧಾರ್ ತಿದ್ದಿಸುವವರು ಬಾಗಿಲ ಬಳಿಯೇ ತಾತ್ಯಾಸಾಹೇಬರ ಮುಂದೆ ಕೂರುತ್ತಾರೆ. ಕಾಲೇಜು ಓದುವವರು ಮಾತ್ರ ಅವರನ್ನು ದಾಟಿ ಒಳಗಿನ ಎರಡನೆಯ ಕಂಪ್ಯೂಟರಿಗೆ ಹೋಗುತ್ತಾರೆ. ಅಲ್ಲಿ ಕಾಂಚನ ಇರುತ್ತಾಳೆ.

ಬಿ.ಕಾಂ. ಮತ್ತು ಬಿ.ಬಿ.ಎ. ಹುಡುಗರ ಮಟ್ಟಿಗೆ ಕಾಂಚನ ಹೇಳಿದ್ದೇ ಕೊನೆಯ ಮಾತು. ಯಾವ ಸೆಮಿಸ್ಟರಿಗೆ ಎಷ್ಟು ಕ್ರೆಡಿಟ್ ಬೇಕು, ಹಾಜರಾತಿ ಎಷ್ಟಕ್ಕಿಂತ ಕೆಳಗಿಳಿದರೆ ಹಾಲ್ ಟಿಕೆಟ್ ಸಿಗುವುದಿಲ್ಲ, ಸಂವಿಧಾನದ ಪೇಪರ್ ಪಾಸಾಗದೆ ಪದವಿ ಯಾಕೆ ಬರುವುದಿಲ್ಲ, ಇಂಟರ್ನ್‌ಶಿಪ್ ವರದಿಗೆ ಯಾರ ಸಹಿ ಬೇಕು, ಎಲ್ಲವೂ ಅವಳ ನಾಲಿಗೆಯ ಮೇಲಿತ್ತು. ವಿಶ್ವವಿದ್ಯಾಲಯದ ಸುತ್ತೋಲೆ ಬಂದ ದಿನವೇ ಓದಿ, ಮುಖ್ಯವಾದ ಸಾಲಿಗೆ ಗೆರೆ ಎಳೆದು ಗೋಡೆಗೆ ಅಂಟಿಸುತ್ತಿದ್ದಳು.

ಒಮ್ಮೆ ಉಗಾರದ ಸಂದೇಶ ಎಂಬ ಬಿ.ಕಾಂ. ವಿದ್ಯಾರ್ಥಿ ಪರೀಕ್ಷೆಯ ಅರ್ಜಿ ತುಂಬಿಸಲು ಬಂದ. ಕಾಂಚನ ಅವನ ಹಿಂದಿನ ಅಂಕಪಟ್ಟಿಗಳನ್ನು ತಿರುವಿ ನೋಡಿ ಕೈ ನಿಲ್ಲಿಸಿದಳು.

"ಓಪನ್ ಇಲೆಕ್ಟಿವ್ ಅಂತ ಇದನ್ಯಾಕ ತಗೊಂಡಿ? ಇದು ಕಾಮರ್ಸಿಂದ ಐತಲ್ಲೋ. ಬ್ಯಾರೆ ವಿಭಾಗದ್ದ ತಗೋಬೇಕಾಗ್ತದ."

"ಈಸಿ ಐತಿ ಅಂದ್ರ ಅಕ್ಕಾ, ಅದಕ್ಕ ತಗೊಂಡ್ನಿ."

"ಈಸಿ ಐತಿ, ಖರೆ. ಆದ್ರ ಮೂರು ವರ್ಷ ಓದಿ ಕಡೀಕ ಡಿಗ್ರಿ ಸಿಗಂಗಿಲ್ಲ. ನಾಳೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಡು. ಬದಲಿ ಮಾಡಾಕ ಇನ್ನಾ ಎಂಟು ದಿನ ಟೈಮ್ ಐತಿ."

ಸಂದೇಶನ ಮುಖ ಬಿಳುಚಿತು. ಅವನು ಹೋದ ಮೇಲೆ ತಾತ್ಯಾಸಾಹೇಬರು ಅಲ್ಲಿಂದಲೇ ನಕ್ಕರು. "ಕಾಂಚನಾ, ನಿನ್ನ ಆ ಯೂನಿವರ್ಸಿಟಿಯವ್ರು ಕರದು ಕುರ್ಚಿ ಕೊಡಬೇಕ ನೋಡು."

ಅವಳೂ ನಕ್ಕಳು. ಬಿ.ಕಾಂ. ಮುಗಿಸಿದವಳೆಂದು ಎಲ್ಲರೂ ತಿಳಿದಿದ್ದರು. ಅವಳು ಹಾಗೆಂದು ಯಾರಿಗೂ ಹೇಳಿರಲಿಲ್ಲ. ಹಾಗಲ್ಲವೆಂದೂ ಹೇಳಿರಲಿಲ್ಲ.

ಕಾಂಚನ ಹುಟ್ಟಿದ್ದು ಕೃಷ್ಣೆಯ ದಂಡೆಯ ಜುಗೂಳದಲ್ಲಿ. ತಂದೆ ಧೂಳಪ್ಪ ಕಬ್ಬಿನ ಹೊಲಗಳಲ್ಲಿ ದುಡಿಯುವವನು. ತಾಯಿ ಸುಂದರಾಳ ತವರು ಹೊಳೆಯ ಆಚೆ, ಮಹಾರಾಷ್ಟ್ರದಲ್ಲಿ. ಕಬ್ಬು ಕಡಿಯುವ ಕಾಲಕ್ಕೆ ಅಪ್ಪ ಅವ್ವ ಇಬ್ಬರೂ ಊರೂರು ತಿರುಗುತ್ತಿದ್ದುದರಿಂದ ಮಗಳು ಆಗೆಲ್ಲ ಅಜ್ಜಿಯ ಮನೆಯಲ್ಲಿರುತ್ತಿದ್ದಳು, ಉಳಿದ ತಿಂಗಳು ಜುಗೂಳದಿಂದ ದೋಣಿಯಲ್ಲಿ ಆಚೆ ದಂಡೆಯ ಶಾಲೆಗೆ ಹೋಗುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಮರಾಠಿ ಶಾಲೆ. ಪಿಯುಸಿಯಲ್ಲೂ ಭಾಷೆಯಾಗಿ ಮರಾಠಿಯೇ ಸಿಕ್ಕಿತು. ಬಾಯಲ್ಲಿ ಕನ್ನಡ, ಕೈಯಲ್ಲಿ ಮರಾಠಿ. ಆ ಭಾಗದಲ್ಲಿ ಅದು ಯಾರಿಗೂ ವಿಶೇಷವೆನಿಸುವ ಸಂಗತಿಯಲ್ಲ.

ತೊಡಕಾದದ್ದು ಅಥಣಿಯ ಕಾಲೇಜಿಗೆ ಬಿ.ಕಾಂ. ಸೇರಿದಾಗ. ಅಲ್ಲಿ ಮರಾಠಿ ಕಲಿಸುವವರಿರಲಿಲ್ಲ. ಹಿಂದಿ ಕಲಿಸುವವರು ಆ ವರ್ಷವೇ ವರ್ಗವಾಗಿ ಹೋಗಿದ್ದರು. ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ಕಡ್ಡಾಯ, ಉಳಿದದ್ದು ಕನ್ನಡ. "ಮನ್ಯಾಗ ಕನ್ನಡನ ಮಾತಾಡ್ತೀಯಲ್ಲವಾ, ಬರಿಯೂದೇನ್ ದೊಡ್ಡದು?" ಎಂದರು ಅರ್ಜಿ ತೆಗೆದುಕೊಂಡವರು. ಕಾಂಚನಳಿಗೂ ಹಾಗೇ ಅನಿಸಿತು.

ಆ ಮೂರು ವರ್ಷಗಳಷ್ಟು ಒಳ್ಳೆಯ ಕಾಲ ಅವಳ ಬದುಕಿನಲ್ಲಿ ಮತ್ತೆ ಬರಲಿಲ್ಲ. ಬೆಳಗಿನ ಬಸ್ಸಿನಲ್ಲಿ ನಿಂತೇ ಹೋಗುವುದು, ಗೆಳತಿ ಶುಭಾಂಗಿ ಹಿಡಿದಿಟ್ಟ ಬೆಂಚಿನಲ್ಲಿ ಕೂರುವುದು, ಕಾಸ್ಟ್ ಅಕೌಂಟಿಂಗ್ ಕಲಿಸುವ ಸರ್ ಬೋರ್ಡಿನ ಮೇಲೆ ಲೆಕ್ಕ ಅರ್ಧಕ್ಕೆ ಬಿಟ್ಟು "ಯಾರ್ ಮುಗಸ್ತೀರಿ?" ಎಂದಾಗ ಎದ್ದು ಹೋಗುವುದು. ಕಾಮರ್ಸಿನ ಪೇಪರುಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಫಸ್ಟ್ ಕ್ಲಾಸ್ ಅಂಕ ಪಡೆದಳು. ಮೊದಲ ಸೆಮಿಸ್ಟರಿನ ಕನ್ನಡ ಮಾತ್ರ ಉಳಿಯಿತು. ಮೂವತ್ತೆರಡು ಬೇಕಾದಲ್ಲಿ ಇಪ್ಪತ್ತೇಳು. ಮುಂದಿನ ಸಲ ಇಪ್ಪತ್ತೊಂಬತ್ತು. ಅದರ ಮುಂದಿನ ಸಲ ಮತ್ತೆ ಇಪ್ಪತ್ತೇಳು. ಉಳಿದ ಸೆಮಿಸ್ಟರುಗಳ ಕನ್ನಡವನ್ನು ಗೈಡು ಬಾಯಿಪಾಠ ಮಾಡಿ ಹೇಗೋ ದಾಟಿದ್ದಳು. ಮೊದಲನೆಯದು ಮಾತ್ರ ಜಗ್ಗಲಿಲ್ಲ.

ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಬೇಕೆಂಬುದು ನಿಯಮ. ನಾಲ್ಕನೆಯ ವರ್ಷದಲ್ಲಿ ಶಿರಗುಪ್ಪಿಯ ವಿಕ್ರಾಂತನೊಂದಿಗೆ ಮದುವೆಯಾಯಿತು. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳಿಗೆ ಸರದಿ ಚೀಟಿ ಕೊಡುವ ನೌಕರ. ಐದನೆಯ ವರ್ಷ ಮಗಳು ನೀಲಮ ಹುಟ್ಟಿದಳು. ಆರನೆಯ ವರ್ಷ, ಕೊನೆಯ ಅವಕಾಶಕ್ಕೆ ಕಾಂಚನ ತವರಿನಲ್ಲಿದ್ದು ಓದುತ್ತಿದ್ದಾಗ ಕೃಷ್ಣೆ ಜುಗೂಳದೊಳಕ್ಕೆ ಬಂದಳು. ದಾರಿ ಮುಚ್ಚಿತು. ಪರೀಕ್ಷೆಯ ಹೊತ್ತಿಗೆ ಅವಳು ಕೂಸನ್ನು ಎತ್ತಿಕೊಂಡು ಶಾಲೆಯ ಮಾಳಿಗೆಯ ಮೇಲೆ ಊರವರೊಂದಿಗೆ ನಿಂತಿದ್ದಳು. ಸುತ್ತ ಕೆಂಪು ನೀರು. "ಇವತ್ತ ನನ್ನ ಪೇಪರ್ ಐತಿ" ಎಂದು ಅವ್ವನಿಗೊಮ್ಮೆ ಹೇಳಿದಳು. ಸುಂದರಾ ಅವಳ ಕೈಯಿಂದ ಕೂಸನ್ನು ತೆಗೆದುಕೊಂಡಳು.

ಆಮೇಲೆ ಕಾಗವಾಡದ ಈ ಕೆಲಸ ಸಿಕ್ಕಿತು. ಕನ್ನಡದಲ್ಲಿ ಟೈಪ್ ಮಾಡುವುದನ್ನು ತಾತ್ಯಾಸಾಹೇಬರೇ ನೋಡಿಕೊಳ್ಳುತ್ತಿದ್ದರು. ಕಾಲೇಜಿನ ಅರ್ಜಿಗಳು ಇಂಗ್ಲಿಷಿನವು, ಅವು ಕಾಂಚನಳ ಪಾಲು. ಪ್ರತಿ ಜೂನಿನಲ್ಲಿ ಹೊಸ ಹುಡುಗಿಯರು ಬಂದು ಎದುರಿಗೆ ಕೂತಾಗ, ಅವರ ಹೆಸರನ್ನು ಟೈಪ್ ಮಾಡುತ್ತ, ಸ್ವಲ್ಪ ಹೊತ್ತು ಅವಳೇ ಪ್ರವೇಶ ಪಡೆಯುತ್ತಿದ್ದಂತೆ ಅನಿಸುತ್ತಿತ್ತು. "ಯಾವ ಯಾವ ವಿಷಯ ತಗೊಂಡಿ? ಯಾರು ಕಲಸ್ತಾರ?" ಎಂದು ಅರ್ಜಿಗೆ ಬೇಡದ ಪ್ರಶ್ನೆಗಳನ್ನೂ ಕೇಳುತ್ತಿದ್ದಳು. ಅವರು ಹೇಳುತ್ತಿದ್ದರೆ ಕೇಳುತ್ತ ಕೂರುತ್ತಿದ್ದಳು.

ಹೀಗಿರುವಾಗ ಒಂದು ಜನವರಿಯಲ್ಲಿ ಶೇಡಬಾಳದ ಸೌಂದರ್ಯಾ ಬಂದಳು. ದ್ರಾಕ್ಷಿ ತೋಟದ ಮುರಗೆಪ್ಪನ ಮಗಳು, ಬಿ.ಬಿ.ಎ. ಕೊನೆಯ ಸೆಮಿಸ್ಟರ್. ಆರು ವಾರ ಯಾವುದಾದರೂ ವ್ಯಾಪಾರ ಸಂಸ್ಥೆಯಲ್ಲಿ ಕೆಲಸ ಮಾಡಿ ವರದಿ ಬರೆಯದಿದ್ದರೆ ಅವಳ ಪದವಿ ಪೂರ್ತಿಯಾಗುವುದಿಲ್ಲ.

"ಮೀರಜದಾಗ ಒಂದ ಕಂಪನಿ ನೋಡಿದ್ದೆ ಅಕ್ಕಾ. ಅಪ್ಪಾ ಒಲ್ಲೆ ಅಂದ್ರು. ಕಾಗವಾಡ ದಾಟಬ್ಯಾಡ ಅಂತಾರ. ಇಲ್ಲೇ ಮಾಡ್ಲ್ಯಾ?"

ತಾತ್ಯಾಸಾಹೇಬರು ಒಪ್ಪಿದರು. ಆರು ವಾರ ಸೌಂದರ್ಯಾ ಕಾಂಚನಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೆಲಸ ಕಲಿತಳು. ಗ್ರಾಹಕರು ಯಾವ ಹೊತ್ತಿಗೆ ಹೆಚ್ಚು ಬರುತ್ತಾರೆ, ಸರ್ವರ್ ಕೈಕೊಟ್ಟಾಗ ಅವರನ್ನು ಹೇಗೆ ಸಮಾಧಾನಪಡಿಸಬೇಕು ಎಂದು ಕಾಂಚನ ಹೇಳಿದ್ದನ್ನೆಲ್ಲ ಬರೆದುಕೊಂಡಳು. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದರು.

ಕೊನೆಯ ವಾರ ಸೌಂದರ್ಯಾ ಕಾಲೇಜಿನಿಂದ ನಮೂನೆ ತಂದಳು. "ಮಾರ್ಗದರ್ಶನ ಮಾಡಿದವ್ರು ನೀವ ಅಲ್ಲೇನ್ರಿ? ಇಲ್ಲಿ ಹೆಸರು, ಇಲ್ಲಿ ವಿದ್ಯಾರ್ಹತೆ, ಇಲ್ಲಿ ಸಹಿ."

ಕಾಂಚನ ಹೆಸರು ಬರೆದಳು. ವಿದ್ಯಾರ್ಹತೆಯ ಚೌಕದ ಬಳಿ ಪೆನ್ನು ನಿಂತಿತು. ಬಿ.ಕಾಂ. ಎಂದು ಬರೆದರೆ ಮುಗಿಯಿತು, ಯಾರೂ ಕೇಳುವವರಿಲ್ಲ. ಆದರೆ ತಪ್ಪು ಅರ್ಜಿ ತಂದ ಎಷ್ಟೋ ಜನರಿಗೆ ಅವಳೇ ಬುದ್ಧಿ ಹೇಳಿದ್ದಳು. ಪಿ.ಯು.ಸಿ. ಎಂದು ಬರೆದು ಕಾಗದವನ್ನು ಮುಂದೆ ಸರಿಸಿದಳು.

ಸೌಂದರ್ಯಾ ಓದಿದಳು. ಇನ್ನೊಮ್ಮೆ ಓದಿದಳು. "ಅಕ್ಕಾ, ಇದ್ಯಾಕ..."

"ಒಂದ ಪೇಪರ್ ಉಳೀತು. ಕನ್ನಡ."

"ಕನ್ನಡಾ?" ಸೌಂದರ್ಯಾ ನಗಲಿದ್ದವಳು ಕಾಂಚನಳ ಮುಖ ನೋಡಿ ಮತ್ತೆ ನಮೂನೆಯತ್ತ ಬಾಗಿದಳು.

ಮಾರ್ಗದರ್ಶಕರು ಪದವೀಧರರಿರಬೇಕೆಂದು ನಮೂನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಕಾಂಚನಳೇ ಅದನ್ನು ತೋರಿಸಿದಳು. ಹೊಸ ನಮೂನೆ ತೆಗೆದು, ಎಂದೋ ಸಾಂಗಲಿಯಲ್ಲಿ ಬಿ.ಎ. ಮಾಡಿದ್ದ ತಾತ್ಯಾಸಾಹೇಬರ ಹೆಸರು ಹಾಕಿದರು. ಅವರು ಸಹಿ ಮಾಡುವಾಗ ಕಾಂಚನಳತ್ತ ನೋಡಲಿಲ್ಲ. ಆ ಸಂಜೆ ಶಿರಗುಪ್ಪಿಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕಣ್ಣು ತುಂಬಿ ಬಂತು. ಹುಡುಗಿಯ ಮುಂದೆ ಮಾನ ಹೋಯಿತೆಂದಲ್ಲ. ಆ ವರದಿಯ ಮೇಲೆ ತನ್ನ ಹೆಸರಿರಬೇಕಿತ್ತು ಎಂದು.

ಮಾರ್ಚಿನಲ್ಲಿ ಸುತ್ತೋಲೆಯೊಂದು ಬಂತು. ಅವಧಿ ಮೀರಿದ ಹಳೆಯ ವಿದ್ಯಾರ್ಥಿಗಳಿಗೆ ಉಳಿದ ಪೇಪರುಗಳನ್ನು ಬರೆಯಲು ಒಂದೇ ಒಂದು ವಿಶೇಷ ಅವಕಾಶ. ಕಾಂಚನ ಅದನ್ನು ಪ್ರಿಂಟ್ ತೆಗೆದು, ಗೆರೆ ಎಳೆದು, ಗೋಡೆಗೆ ಅಂಟಿಸಿದಳು. ಹಳಬರು ನಾಲ್ಕೈದು ಜನ ಬಂದರು, ಅವರ ಅರ್ಜಿ ತುಂಬಿಕೊಟ್ಟಳು. ತನ್ನದನ್ನು ತುಂಬಲಿಲ್ಲ. ಕೊನೆಯ ದಿನಕ್ಕೆ ಮೂರು ದಿನ ಇರುವಾಗ ವರದಿಯ ಪ್ರತಿ ತೆಗೆಸಲು ಬಂದ ಸೌಂದರ್ಯಾ ಗೋಡೆ ನೋಡಿದಳು.

"ಅಕ್ಕಾ, ನಿಮ್ಮದು ತುಂಬಿದ್ರಿ?"

"ಇಲ್ಲ."

"ಯಾಕ್ರಿ?"

"ಮತ್ತ ಇಪ್ಪತ್ತೇಳ ಬಂದ್ರ?"

ಸೌಂದರ್ಯಾ ತಾನೇ ಕೀಬೋರ್ಡ್ ಎಳೆದುಕೊಂಡಳು. "ನಿಮ್ಮ ಹಳೆ ರಿಜಿಸ್ಟರ್ ನಂಬರ್ ಹೇಳ್ರಿ." ಕಾಂಚನಳಿಗೆ ಅದು ಇಷ್ಟು ವರ್ಷಗಳ ಮೇಲೂ ಬಾಯಲ್ಲೇ ಇತ್ತು.

ಮರುದಿನದಿಂದ ಸಂಜೆ ನಾಲ್ಕಕ್ಕೆ ಅಂಗಡಿ ಖಾಲಿಯಾದಾಗ ಪಾಠ ನಡೆಯಿತು. ಕಾಂಚನಳ ಹಳೆಯ ಉತ್ತರಗಳಲ್ಲಿ ಏನು ಕೆಟ್ಟಿತ್ತೆಂಬುದು ಮೊದಲ ದಿನವೇ ತಿಳಿಯಿತು. ಮರಾಠಿಯಲ್ಲಿ 'ಎ'ಗೂ 'ಏ'ಗೂ, 'ಒ'ಗೂ 'ಓ'ಗೂ ಬೇರೆ ಬೇರೆ ಅಕ್ಷರವಿಲ್ಲ. ಹಾಗಾಗಿ ಕಾಂಚನಳ ಬರಹದಲ್ಲಿ ಕೇರಿ ಕೆರಿಯಾಗುತ್ತಿತ್ತು, ಓದು ಒದು ಆಗುತ್ತಿತ್ತು. ಒತ್ತಕ್ಷರ ಬರೆಯಬೇಕಾದಲ್ಲಿ ಕೈ ಮರಾಠಿಯ ಅರ್ಧಾಕ್ಷರ ಹುಡುಕುತ್ತಿತ್ತು. ಆತುರವಾದರೆ ಪದದ ನೆತ್ತಿಯ ಮೇಲೆ ಉದ್ದ ಗೆರೆ ತಾನಾಗಿ ಬೀಳುತ್ತಿತ್ತು.

"ನೀವ್ ಮಾತಾಡೂವಾಗ ಓದು ಅಂತ ಎಳದ ಅಂತೀರಲ್ಲಾ? ಎಳದಲ್ಲೆಲ್ಲಾ ದೀರ್ಘ ಹಾಕ್ರಿ. ಬಾಯಿಗೆ ಗೊತ್ತೈತಿ, ಕೈಗೆ ಹೇಳಬೇಕಷ್ಟ."

"ಬಾಯಿ ಮಾತು ಕೇಳಿದ್ರ ಐತಿ, ಹೋಗ್ಯಾರ, ಬಂದಾನ ಅಂತ ಬರೀತೀನಿ."

"ಅದನ್ನಷ್ಟ ಬಿಡ್ರಿ ಪಾ!" ಇಬ್ಬರೂ ನಕ್ಕರು. ಬಾಗಿಲಲ್ಲಿ ಕೂತ ತಾತ್ಯಾಸಾಹೇಬರೂ ನಕ್ಕರು.

ಮನೆಯಲ್ಲೂ ಅಡುಗೆ ಮುಗಿಸಿ ಅವಳು ಬರೆಯುತ್ತಿದ್ದುದನ್ನು ವಿಕ್ರಾಂತ ಕೆಲವು ದಿನ ನೋಡಿದ. ಒಂದು ಭಾನುವಾರ ಕೇಳಿದ. "ಈಗ ಪಾಸಾಗಿ ಏನ್ ಮಾಡ್ತಿ?" ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದ.

ಕಾಂಚನ ಪೆನ್ನಿನ ಮುಚ್ಚಳ ಹಾಕಿದಳು. "ಏನೂ ಮಾಡೂದಿಲ್ಲ. ಆಗಬೇಕು, ಅಷ್ಟ."

ವಿಕ್ರಾಂತ ತಲೆಯಾಡಿಸಿದ. ಪರೀಕ್ಷೆಯ ದಿನ ರಜೆ ಹಾಕಿ, ತನ್ನ ಗಾಡಿಯ ಮೇಲೆ ಅವಳನ್ನು ಚಿಕ್ಕೋಡಿಯ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋದ.

ಕೋಣೆಯಲ್ಲಿ ಅವಳಂಥವರೇ ತುಂಬಿದ್ದರು. ತಲೆ ನರೆತ ಒಬ್ಬ ಗ್ರಾಮ ಪಂಚಾಯಿತಿ ನೌಕರ, ರಾಯಬಾಗದಿಂದ ಬಂದ ಇಬ್ಬರು ಟೀಚರಮ್ಮಗಳು, ನಿಪ್ಪಾಣಿಯ ಬಸುರಿ ಒಬ್ಬಳು. ಎಲ್ಲರೂ ಹೊಸ ಪೆನ್ನು ತಂದಿದ್ದರು. ಪ್ರಬಂಧಕ್ಕೆ ಮೂರು ವಿಷಯಗಳಿದ್ದವು. ಕಾಂಚನ 'ನನ್ನ ಊರು' ಆರಿಸಿಕೊಂಡಳು. ಹೊಳೆಯ ಆಚೆ ಶಾಲೆ, ಈಚೆ ಮನೆ, ದೋಣಿಯವನು ಬಾರದ ದಿನ ಈ ದಂಡೆಯಲ್ಲಿ ಕೂತು ಆ ದಂಡೆಯ ಗಂಟೆಯ ಸದ್ದು ಕೇಳುತ್ತಿದ್ದುದು. ಒಂದೊಂದು ಪದವನ್ನೂ ತುಟಿಯಲ್ಲಿ ಹೇಳಿಕೊಂಡು, ಎಳೆದಲ್ಲಿ ದೀರ್ಘ ಹಾಕುತ್ತ ಬರೆದಳು. ಹೊತ್ತು ಸಾಲದೆ ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿತು.

ಜುಲೈಯಲ್ಲಿ ಫಲಿತಾಂಶ ಬಂತು. ಆ ಹೊತ್ತಿಗೆ ಸೌಂದರ್ಯಾ ಎಂ.ಬಿ.ಎ. ಓದಲು ಧಾರವಾಡಕ್ಕೆ ಹೋಗಿಯಾಗಿತ್ತು. ಅವಳ ಅಪ್ಪ ಮುರಗೆಪ್ಪ ಕಡೆಗೂ ಒಪ್ಪಿದ್ದ. ಕಾಂಚನ ಒಬ್ಬಳೇ ತನ್ನ ನಂಬರ್ ಹಾಕಿ ನೋಡಿದಳು. ನಲವತ್ತೊಂದು. ತಾತ್ಯಾಸಾಹೇಬರು ಪೇಢೆ ತರಿಸಿ ಅಂಗಡಿಗೆ ಬಂದವರಿಗೆಲ್ಲ ಹಂಚಿದರು. ಸೌಂದರ್ಯಾ ಫೋನಿನಲ್ಲಿ ಕಿರುಚಿದ್ದು ಅಕ್ಕಪಕ್ಕದವರಿಗೂ ಕೇಳಿಸಿತು. ಅಷ್ಟು ಸಲ ಬರೆದು ಪಾಸಾದವರಿಗೆ ಫಸ್ಟ್ ಕ್ಲಾಸ್ ಕೊಡುವುದಿಲ್ಲ, ಬರೀ ಪಾಸ್ ಎಂದು ನಮೂದಿಸುತ್ತಾರೆ. ಆ ನಿಯಮವೂ ಕಾಂಚನಳಿಗೆ ಗೊತ್ತಿತ್ತು.

ಅಂಕಪಟ್ಟಿ ತರಲು ಅಥಣಿಗೆ ಹೋದಳು. ಕಚೇರಿಯಲ್ಲಿ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಅದನ್ನು ಚೀಲದಲ್ಲಿಟ್ಟುಕೊಂಡ ಮೇಲೆ ಒಳಗಿನ ಆಸೆ ತಣಿಯುತ್ತದೆ ಎಂದುಕೊಂಡಿದ್ದಳು. ತಣಿಯಲಿಲ್ಲ. ಮೆಟ್ಟಿಲ ಬಳಿ ಸುಮ್ಮನೆ ನಿಂತಳು. ಮೇಲಿನಿಂದ ಯಾರೋ ಪಾಠ ಮಾಡುವ ದನಿ ಕೇಳುತ್ತಿತ್ತು. ಹತ್ತಿ ಹೋದಳು. ಬಿ.ಕಾಂ. ತರಗತಿ. ಯುವ ಉಪನ್ಯಾಸಕಿ ಒಬ್ಬಳು ಬೋರ್ಡಿನ ಮೇಲೆ ಬರೆಯುತ್ತಿದ್ದವಳು ತಿರುಗಿದಳು.

"ಯಾರ್ ಬೇಕಾಗಿತ್ರಿ?"

"ಯಾರೂ ಬ್ಯಾಡ್ರಿ. ನಾನು ಇಲ್ಲೇ ಓದಿದಾಕಿ. ಒಂದ್ ಸ್ವಲ್ಪ ಕೂಡ್ಲ್ಯಾ?"

ಉಪನ್ಯಾಸಕಿ ಅವಳ ಸೀರೆಯನ್ನೂ ಚೀಲವನ್ನೂ ನೋಡಿದಳು. "ಬರ್ರಿ, ಕೂಡ್ರಿ."

ಹಿಂದಿನ ಬೆಂಚಿನ ಹುಡುಗಿಯರು ಸರಿದು ಜಾಗ ಕೊಟ್ಟರು. ಬೋರ್ಡಿನ ಮೇಲಿದ್ದದ್ದು ಕಾಂಚನಳಿಗೆ ಗೊತ್ತಿದ್ದ ಪಾಠವೇ. ಆದರೂ ಮೊದಲ ಸಲ ಕೇಳುವವಳಂತೆ ಕೇಳಿದಳು. ಗಂಟೆ ಹೊಡೆಯಿತು, ಉಪನ್ಯಾಸಕಿ ಹೋದಳು, ಹುಡುಗರು ಗದ್ದಲ ಎಬ್ಬಿಸಿದರು. ಶಿರಗುಪ್ಪಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಕಾಂಚನ ಪಕ್ಕದ ಹುಡುಗಿಯನ್ನು ಕೇಳಿದಳು.

"ಮುಂದಿನ ಪಿರಿಯಡ್ ಯಾವ್ದೈತಿ?"

"ಬಿಸಿನೆಸ್ ಲಾ ರೀ."

ಅದನ್ನೂ ಕೂತು ಕೇಳಿದಳು.