ಬೀದಿಯಲ್ಲಿ ಗುರುತು ಹಿಡಿಯದ ನರ್ಸಮ್ಮ

ನಮ್ಮ ದಿಬ್ಬೂರಹಳ್ಳಿಯ ನರ್ಸಮ್ಮ ಆದಿಲಕ್ಷ್ಮಮ್ಮನವರು ಬೀದಿಯಲ್ಲಿ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಹಿಂದಿನ ವಾರ ತಾವೇ ಹೆರಿಗೆ ಮಾಡಿಸಿದ ಮನೆಯವರು ಸಂತೆಯಲ್ಲಿ ಎದುರಾದರೂ ಬದನೆಕಾಯಿ ಆರಿಸಿಕೊಂಡು ಮುಂದಕ್ಕೆ ಹೋಗಿಬಿಡುತ್ತಿದ್ದರು. ನಾವಾಗಿ ನಿಲ್ಲಿಸಿ ಮಾತಾಡಿಸಿದರೆ ಮುಖದ ತುಂಬ ನಗು. ಮಾತಾಡಿಸದಿದ್ದರೆ ನಾವು ಯಾರೋ, ಅವರು ಯಾರೋ. ಬಿಳಿ ಸೀರೆ, ಬಿಗಿದು ಕಟ್ಟಿದ ತುರುಬು, ಕಂಕುಳಲ್ಲಿ ಕಪ್ಪು ಕೊಡೆ. ಸರ್ಕಾರಿ ಸಂಬಳದ ಜಂಬ ಎಂದು ನಮ್ಮೂರ ಹೆಂಗಸರು ಆಡಿಕೊಳ್ಳುತ್ತಿದ್ದರು. ಆ ಗುಂಪಿಗೆ ನಮ್ಮಮ್ಮನೇ ಮುಂದಾಳು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಊರಿನ ಸಣ್ಣ ಸರ್ಕಾರಿ ಆಸ್ಪತ್ರೆಗೆ ಡಾಕ್ಟರು ಶಿಡ್ಲಘಟ್ಟದಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ಡಾಕ್ಟರೂ ನರ್ಸಮ್ಮನೇ, ಕಾಂಪೌಂಡರೂ ನರ್ಸಮ್ಮನೇ. ಅವರು ಚಿಂತಾಮಣಿಯ ಕಡೆಯವರು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನರ್ಸ್ ಕೆಲಸ ಕಲಿತವರು. ಮನೆಮಾತು ತೆಲುಗು. "ಕೂಚೋ ತಲ್ಲಿ" ಎಂದು ಕೂರಿಸಿ, ಕನ್ನಡದಲ್ಲಿ ಬೈದು, ಮತ್ತೆ ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದರು.

ಅವರ ಆಸ್ಪತ್ರೆಗೆ ಒಂದು ಪದ್ಧತಿ ಇತ್ತು. ಯಾವ ಕಾಯಿಲೆಯವರಾದರೂ ಜಗಲಿಯ ಅದೇ ಬೆಂಚಿನ ಮೇಲೆ ಕೂರಬೇಕು. ಒಬ್ಬೊಬ್ಬರೇ ಒಳಗೆ ಹೋಗಬೇಕು, ಬಾಗಿಲು ಮುಚ್ಚಬೇಕು. ನೆಗಡಿಯಾದರೂ ಹೆಂಗಸರ ತೊಂದರೆಯಾದರೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಯಾವ ಮಾತ್ರೆಯಾದರೂ ಒಂದೇ ತರದ ಹಳೆ ಪೇಪರಿನ ಪೊಟ್ಟಣ. ನಮ್ಮ ಸೋದರಮಾವ ಒಮ್ಮೆ ಕಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಹೋದ. ಮುಳ್ಳು ತೆಗೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಆಮೇಲೂ ಬಾಗಿಲು ತೆರೆಯದೆ, ಕಡಲೆಕಾಯಿ ಹೇಗಿದೆ, ಎಮ್ಮೆ ಈಯಿತಾ ಎಂದು ವಿಚಾರಿಸುತ್ತಾ ಕೂತರಂತೆ. ಮುಳ್ಳು ತೆಗೆಯುವವಳಿಗೆ ನನ್ನ ಎಮ್ಮೆಯ ಉಸಾಬರಿ ಯಾಕೆ ಎಂದು ಮಾವ ಸಂಜೆಯವರೆಗೂ ಗೊಣಗಿದ.

ಆ ಹರಟೆ ಯಾರ ಸಲುವಾಗಿ ಎಂದು ಆಗ ನಮಗೆ ಹೊಳೆದಿರಲಿಲ್ಲ. ಅದೇ ಬೆಂಚಿನ ಮೇಲೆ ದೊಡ್ಡ ರೋಗದವರೂ ಕೂರುತ್ತಿದ್ದರು. ಕುಷ್ಠ ಎನ್ನುವ ಮಾತನ್ನು ನಮ್ಮ ಕಡೆ ಬಾಯಿಬಿಟ್ಟು ಆಡುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಅದಕ್ಕೆ ಆಗಷ್ಟೇ ಮಾತ್ರೆ ಬಂದಿತ್ತು. ವರ್ಷಗಟ್ಟಲೆ ತಪ್ಪದೆ ನುಂಗಬೇಕಿತ್ತು. ಆದರೆ ಮಾತ್ರೆಗೆ ಬಂದವನೆಂದು ಊರಿಗೆ ಗೊತ್ತಾದರೆ ಬಾವಿಯ ನೀರು ತಪ್ಪುತ್ತಿತ್ತು, ಮಕ್ಕಳ ಮದುವೆ ನಿಲ್ಲುತ್ತಿತ್ತು. ಮೇಲಿನಿಂದ ಬಂದ ಸಾಹೇಬರೊಬ್ಬರು ಮಾತ್ರೆ ತಪ್ಪಿಸಿದವರ ಹೆಸರನ್ನು ಚಾವಡಿಯಲ್ಲಿ ಬರೆದು ಹಾಕಬೇಕು, ನಾಚಿಕೆಗಾದರೂ ಬರುತ್ತಾರೆ ಎಂದರಂತೆ. ಅಂದು ಕಸ ಗುಡಿಸುತ್ತಿದ್ದ ಮುನಿಯಮ್ಮ ನರ್ಸಮ್ಮನ ಉತ್ತರವನ್ನು ಊರಿಗೆಲ್ಲ ಹೇಳಿದಳು: "ನೋವು ತೋರಿಸ್ಕೊಳ್ಳೋಕೆ ಬಂದೋರು ಸ್ವಾಮಿ. ಅದಕ್ಕೆ ಅಂತ ಹೇಳಿದ್ದನ್ನ ಅದಕ್ಕೆ ಮಾತ್ರ ಇಟ್ಕೊಂತೀನಿ." ಹೆಸರು ಚಾವಡಿಗೆ ಹೋಗಲಿಲ್ಲ. ಸಾಹೇಬರೂ ಮತ್ತೆ ಕೇಳಿದಂತಿಲ್ಲ.

ಇದೆಲ್ಲ ದೊಡ್ಡ ಗುಣ ಎಂದು ನಾನು ಈಗ ಬರೆಯುತ್ತಿದ್ದೇನೆ. ಆಗ ನನ್ನ ಪಾಲಿಗೆ ಅದು ಬೇರೆಯೇ ಆಗಿತ್ತು.

ನನ್ನ ಎಡಗೈ ಮೇಲೆ ಕುದಿಯುವ ಎಸರು ಚೆಲ್ಲಿ ಸುಟ್ಟಿತ್ತು. ಪಟ್ಟಿ ಕಟ್ಟಿಸಿಕೊಳ್ಳಲು ತಿಂಗಳುಗಟ್ಟಲೆ ಆ ಬೆಂಚಿನ ಮೇಲೆ ಕೂತೆ. ಗಾಯ ಮಾಯ್ದ ಜಾಗದಲ್ಲಿ ಬೆಳ್ಳಗೆ ಒಂದು ಕಲೆ ಉಳಿಯಿತು. ಅಷ್ಟರಲ್ಲಿ ತೊಂಡೇಬಾವಿಯಿಂದ ಸಂಬಂಧ ಬಂತು. ಒಳ್ಳೆಯ ಮನೆ, ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲೇ ಹೊಲ. ಅಪ್ಪ ವೀಳ್ಯದ ಶಾಸ್ತ್ರಕ್ಕೆ ದಿನ ನೋಡಿಸುತ್ತಿದ್ದ ಹೊತ್ತಿಗೆ ಯಾರೋ ಪುಣ್ಯಾತ್ಮರು ನನ್ನ ಕಲೆಯನ್ನೂ ಆ ಬೆಂಚನ್ನೂ ಒಟ್ಟು ಹಾಕಿ ಅವರ ಕಿವಿಗೆ ಊದಿದರು. ಹುಡುಗನ ದೊಡ್ಡಪ್ಪ ನೇರ ಆಸ್ಪತ್ರೆಗೇ ಬಂದು ಕೇಳಿದ. ಹುಡುಗಿಯ ಕೈಯಲ್ಲಿರುವುದು ಸುಟ್ಟ ಕಲೆಯೋ, ಅಥವಾ ಅದೋ?

ಸುಟ್ಟ ಕಲೆ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ನಿಜವೂ ಅದೇ. ನರ್ಸಮ್ಮ ಹೇಳಿದ್ದು ಬೇರೆ. ಇಲ್ಲಿಗೆ ಬಂದವರ ವಿಷಯವನ್ನು ನಾನು ಯಾರಿಗೂ ಹೇಳುವುದಿಲ್ಲ, ಕೇಳುವುದಿದ್ದರೆ ಆ ಹುಡುಗಿಯನ್ನೇ ಕೇಳಿ ಎಂದರಂತೆ. ದೊಡ್ಡಪ್ಪ ನಮ್ಮ ಮನೆಯ ಬಾಗಿಲಿಗೂ ಬರದೆ ಬಸ್ಸು ಹತ್ತಿದ. ಸಂಬಂಧ ಮುರಿಯಿತು. ನಮ್ಮಮ್ಮ ಸಂತೆಯ ನಡುವೆ ನರ್ಸಮ್ಮನನ್ನು ನಿಲ್ಲಿಸಿ ಬಾಯಿಗೆ ಬಂದಂತೆ ಅಂದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಕೊಡೆ ಬಿಚ್ಚಿಕೊಂಡು ನಡೆದರು.

ಅಮ್ಮ ಅತ್ತು ಸುಮ್ಮನಾದಳು. ನನಗೆ ಸುಮ್ಮನಿರಲು ಆಗಲಿಲ್ಲ. ಸಿಟ್ಟಿನಲ್ಲೇ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತೆ. ಸರದಿ ಬಂದಾಗ ಒಳಗೆ ಹೋಗಿ ಬಾಗಿಲನ್ನು ನಾನೇ ಮುಚ್ಚಿದೆ. ನನ್ನ ಕೈ, ನನ್ನ ಕಲೆ, ನಾನೇ ಹೇಳಿ ಎನ್ನುತ್ತಿದ್ದೇನೆ, ಈಗಲಾದರೂ ತೊಂಡೇಬಾವಿಗೆ ಒಂದು ಮಾತು ಹೇಳಿ ಕಳಿಸಿ ಎಂದೆ.

"ಹೇಳಬೋದು ತಲ್ಲಿ, ನಿಂದೇ ಮಾತು, ನೀನೇ ಹೇಳು ಅಂತಿದೀಯ," ಎಂದರು. "ಆದ್ರೆ 'ಇವಳಿಗೆ ಏನಿಲ್ಲ' ಅಂತ ನಾನು ಅಂದೆ ಅಂದ್ಕೋ. ನಾಳೆ ಇನ್ನೊಬ್ಬಳ ಮನೆಗೆ ಬಂದೋರು, ಅವಳು ನರ್ಸಮ್ಮನ ಬಾಯಲ್ಲಿ ಹೇಳಿಸಿದ್ಲು, ನೀನೂ ಹೇಳ್ಸು ಅಂತಾರೆ. ಅವಳಿಗೆ ಏನೋ ಇದೆ. ಆಗ ನಾನು ಬಾಯಿ ಮುಚ್ಕೊಂಡ್ರೂ ಹೇಳಿದಂಗೇ ಅಲ್ವಾ?"

ಅವರ ಮಾತು ಅರ್ಥವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಆ ಇನ್ನೊಬ್ಬಳು ಯಾರು ಎಂದು ಕೇಳಿದೆ.

"ನೋಡು, ಆಗ್ಲೇ ನೀನೂ ಕೇಳ್ತಿದೀಯ," ಎಂದು ನಕ್ಕರು. ಆಮೇಲೆ ನನ್ನ ಕೈ ಹಿಡಿದು ಕಲೆಯನ್ನು ಹೆಬ್ಬೆರಳಲ್ಲಿ ಸವರಿದರು. "ನಿನ್ನ ಸಂಬಂಧ ಮುರೀತು. ನಂಗೆ ಸಂಕಟ ಇಲ್ಲ ಅಂದ್ಕೋಬೇಡ ಕಣಮ್ಮ." ಅವರ ಕಣ್ಣು ತುಂಬಿತ್ತು. ಬೀದಿಯಲ್ಲಿ ತಾವಾಗಿ ಯಾರನ್ನೂ ಮಾತಾಡಿಸದಿರುವುದಕ್ಕೂ ಇದೇ ಕಾರಣ ಎಂದು ಆಗ ಹೇಳಿದರು. ನರ್ಸಮ್ಮ ಕೈ ಎತ್ತಿ ಕರೆದರೆ, ಇವನಿಗೆ ಅವಳ ಪರಿಚಯ ಹೇಗೆ ಎಂದು ಪಕ್ಕದವನು ಲೆಕ್ಕ ಹಾಕುತ್ತಾನಂತೆ.

ವರ್ಷ ಕಳೆದ ಮೇಲೆ ಇನ್ನೊಂದು ಸಂಬಂಧ ಬಂತು. ಚಿಕ್ಕಬಳ್ಳಾಪುರದ ಆಚೆ ಕಳವಾರದ ಹುಡುಗ, ಮುನಿಕೃಷ್ಣಪ್ಪ. ರೇಷ್ಮೆಗೂಡಿನ ವ್ಯಾಪಾರಕ್ಕೆಂದು ನಮ್ಮ ಕಡೆ ಓಡಾಡುತ್ತಿದ್ದ. ಆ ಹುಡುಗನನ್ನು ನರ್ಸಮ್ಮನ ಬೆಂಚಿನ ಮೇಲೆ ಕಂಡೆ ಎಂದು ಯಾರೋ ಅಂದರು. ಈ ಸಲ ವಿಚಾರಿಸಲು ಹೋದವನು ನಮ್ಮಪ್ಪ. ಹೋದ ಹಾಗೆಯೇ ಬಂದ. "ಅದೇ ರಾಗ ಕಣೇ," ಎಂದು ಅಮ್ಮನಿಗೆ ಹೇಳಿದ. "ನಮ್ಮ ಹುಡುಗಿಗೂ ಹಂಗೇ ಅಂದಿರ್ಲಿಲ್ವಾ? ಆಯಮ್ಮ ಎಲ್ರಿಗೂ ಹಂಗೇ ಅನ್ನೋದು. ಅದ್ರಿಂದ ಏನೂ ಗೊತ್ತಾಗಲ್ಲ." ವೀಳ್ಯಕ್ಕೆ ದಿನ ನೋಡಿಸಿದರು.

ಆ ದಿನಕ್ಕೆ ಮೊದಲು ಮುನಿಕೃಷ್ಣಪ್ಪ ಒಬ್ಬನೇ ಸೈಕಲ್ಲಿನಲ್ಲಿ ಬಂದ. ನಾನು ಹಿಪ್ಪುನೇರಳೆ ತೋಟದಲ್ಲಿ ಹುಳುವಿಗೆ ಸೊಪ್ಪು ಬಿಡಿಸುತ್ತಿದ್ದೆ. ಬದುವಿನ ಮೇಲೆ ನಿಂತು, ನನ್ನ ಮುಖ ನೋಡದೆ ಹೇಳಿದ. ತೋಳಿನ ಮೇಲೆ ಮಚ್ಚೆ ಎದ್ದಿತ್ತು, ದೊಡ್ಡ ರೋಗದ್ದೇ. ವರ್ಷಗಟ್ಟಲೆ ನರ್ಸಮ್ಮನ ಹತ್ತಿರ ಮಾತ್ರೆ ತಿಂದದ್ದಾಯಿತು, ಈಗ ವಾಸಿಯಾಗಿದೆ, ಮಾತ್ರೆ ಸಾಕು ಎಂದು ಡಾಕ್ಟರೇ ಹೇಳಿದ್ದಾರೆ. ಅವರ ಊರಿನಲ್ಲಿ ಯಾರಿಗೂ ತಿಳಿಯದು.

"ನರ್ಸಮ್ಮ ಅಂದ್ರು, ಹೇಳೋದು ನಿಂದು, ನಂದಲ್ಲ. ಆದ್ರೆ ಕಟ್ಕೊಳ್ಳೋಳಿಗೆ ಮೊದ್ಲೇ ಹೇಳು, ಆಮೇಲಲ್ಲ ಅಂತ," ಎಂದ. "ಬೇಡ ಅಂದ್ರೆ ಇವತ್ತೇ ನಾನೇ ಏನಾದ್ರೂ ನೆಪ ಹೇಳಿ ಬಿಡಿಸ್ಕೊಂತೀನಿ. ನಿನ್ನ ಮೇಲೆ ಮಾತು ಬರಲ್ಲ."

ಭಯವಾಯಿತು. ಸೊಪ್ಪಿನ ಮಂಕರಿ ಕೆಳಗಿಟ್ಟು, ಮಚ್ಚೆ ತೋರಿಸು ಎಂದೆ. ಅಂಗಿಯ ತೋಳು ಮಡಿಸಿ ತೋರಿಸಿದ. ಮಾಸಿಹೋದ ಒಂದು ಕಲೆ, ನನ್ನ ಕೈ ಮೇಲಿನದಕ್ಕಿಂತ ಸಣ್ಣದು. ಉಗುರಿನಿಂದ ಜೋರಾಗಿ ಚಿವುಟಿದೆ. ಬೆಚ್ಚಿ ಕೈ ಎಳೆದುಕೊಂಡ. ಅಲ್ಲಿ ಮೊದಲು ಏನೂ ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತೆ ಎಂದು ತೋಳು ಉಜ್ಜಿಕೊಳ್ಳುತ್ತಾ ನಕ್ಕ. ಎಲ್ಲರನ್ನೂ ಬಿಟ್ಟು ನನಗೊಬ್ಬಳಿಗೆ ಬಂದು ಹೇಳಿದನಲ್ಲ ಎಂದು ನನಗೆ ಅವನ ಮೇಲೆ ಮನಸ್ಸಾಯಿತು. ಮದುವೆಯಾದೆ. ಅಪ್ಪ ಅಮ್ಮನಿಗೆ ಹೇಳಲಿಲ್ಲ. ಹೇಳಲು ಆ ಮಾತು ನನ್ನದಾಗಿರಲಿಲ್ಲ.

ಸಾಯುವ ಮುಂಚೆ ನನ್ನ ಯಜಮಾನರು, ಇನ್ನು ಬೇಕಾದರೆ ಹೇಳಿಕೋ ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಈಗ ಔಷಧಿ ಅಂಗಡಿಯಲ್ಲಿ ಮಂಡಿನೋವಿನ ಮಾತ್ರೆ ಕೊಂಡರೂ ಫೋನ್ ನಂಬರ್ ಕೇಳುತ್ತಾರೆ. ಮೊಮ್ಮಗಳ ನಂಬರ್ ಕೊಟ್ಟು ಬಂದರೆ ಸಂಜೆಗೆ ಅವಳ ಫೋನಿನಲ್ಲಿ ಮುದುಕಿಯರ ಮಂಡಿಪಟ್ಟಿಯ ಜಾಹೀರಾತು. ನನ್ನ ಮಂಡಿಯ ವಿಷಯ ಅದಕ್ಕೆ ಹೇಳಿದವರು ಯಾರು ಎಂದರೆ, ಯಾರೂ ಹೇಳಬೇಕಿಲ್ಲ ಅಜ್ಜಿ, ಅದೇ ಲೆಕ್ಕ ಹಾಕುತ್ತೆ ಎನ್ನುತ್ತಾಳೆ. ಆಗೆಲ್ಲ ನನಗೆ ಆ ಮುಚ್ಚಿದ ಬಾಗಿಲು ಜ್ಞಾಪಕಕ್ಕೆ ಬರುತ್ತದೆ.

ಮದುವೆಯಾದ ಮೇಲೆ, ಮೊದಲ ಬಸಿರಿನಲ್ಲಿ ತವರಿಗೆ ಬಂದಾಗ ಯಜಮಾನರ ಜೊತೆ ಆಸ್ಪತ್ರೆಗೆ ಹೋದೆ. ನರ್ಸಮ್ಮ ಬಾಗಿಲು ಮುಚ್ಚಿ, ನನ್ನ ಹೊಟ್ಟೆ ನೋಡಿ, ಕೈ ತೊಳೆದು, ಇವರ ಕಡೆ ತಿರುಗಿದರು.

"ಯಾವೂರಪ್ಪ ನಿಂದು?"

"ಕಳವಾರ, ಅಮ್ಮ."

"ಈ ಕಡೆ ಬಂದಿದ್ದುಂಟಾ ಮುಂಚೆ?"

ಇವರು ಗಂಭೀರವಾಗಿ ಇಲ್ಲ ಎಂದು ತಲೆ ಆಡಿಸಿದರು. ನನಗೆ ಎಲ್ಲವೂ ಗೊತ್ತು ಎಂದು ನರ್ಸಮ್ಮನಿಗೆ ಗೊತ್ತಿರಲಿಲ್ಲ. ನನ್ನ ಮುಂದೆಯೂ ಇವರನ್ನು ಬಿಟ್ಟುಕೊಡಲಿಲ್ಲ. ಹೇಳಿಬಿಡೋಣ ಎನಿಸಿತು. ಹೇಳಲಿಲ್ಲ. ಅವರು ಎಂದಿನಂತೆ ಕಡಲೆಕಾಯಿಯ ಮಾತು ತೆಗೆದರು.

ನಾನು ಇನ್ನೂ ತವರಿನಲ್ಲಿ ಇರುವಾಗಲೇ ಅವರಿಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು. ಊರು ಹಾರ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಜಂಬದ ನರ್ಸಮ್ಮ ತಾನೇ. ಬೆಳಗಿನ ಬಸ್ಸಿಗೆ ಒಂದು ಟ್ರಂಕು, ಒಂದು ಕೊಡೆ ಹಿಡಿದು ನಿಂತಿದ್ದರು. ನಾವಿಬ್ಬರೂ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಎಂದೂ ಇಲ್ಲದ ಜನ. ಸುತ್ತಮುತ್ತಲ ಹಳ್ಳಿಯವರು, ನಾನು ಕಂಡರಿಯದ ಮುಖಗಳು. ಆಲದ ಮರದ ಬುಡದಲ್ಲಿ ಕೆಲವರು, ಟೀ ಅಂಗಡಿಯ ಮುಂದೆ ಕೆಲವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಹಾಗೆ ದೂರ ದೂರ ನಿಂತಿದ್ದರು. ಒಬ್ಬರೂ ಹತ್ತಿರ ಹೋಗಿ ಮಾತಾಡಿಸಲಿಲ್ಲ. ನರ್ಸಮ್ಮನೂ ಯಾರನ್ನೂ ಗುರುತು ಹಿಡಿಯದೆ ರಸ್ತೆಯ ಕಡೆಗೇ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಇವರೂ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಸ್ಸು ಕಾಯುವವರಂತೆ ನಿಂತಿದ್ದರು.

ಬಸ್ಸು ಬಂತು. ನರ್ಸಮ್ಮ ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನಿಂತು ಅಷ್ಟೂ ಜನರನ್ನು ಕೂಗಿ ಕೂಗಿ ಕರೆದ. ಕೊನೆಗೆ ಸೀಟಿ ಊದಿದ. ಕಾಯುತ್ತಿದ್ದವರಲ್ಲಿ ಒಬ್ಬರೂ ಹತ್ತಲಿಲ್ಲ.